ನೀನು ಹಚ್ಚಿದ ಒಲೆ

ತೋಟದ ಮನೆ, ಮೂಡಲಗಿ
೧೨ ಜನವರಿ ೨೦೨೫

ಮಗಳೇ ಶೋಭಾ,

ಶರಣು. ಹುಕ್ಕೇರಿಯಲ್ಲಿ ಹೇಗಿದ್ದೀ? ನಿನ್ನವ್ವನ ಮೊಣಕಾಲು ನೋವು ಇಳಿಯಿತೇ? ನೀನು ಸರಿಯಾಗಿ ಉಣ್ಣುತ್ತಿಲ್ಲ ಎಂದು ನಿಮ್ಮಣ್ಣ ಶ್ರೀಶೈಲ ಹೇಳಿದ. ಊರ ಮಕ್ಕಳಿಗೆಲ್ಲ ಉಣ್ಣಿಸಿದವಳು ಹೀಗೆ ಮಾಡಬಾರದು. ಫೋನಿನಲ್ಲಿ ದನಿ ಕೇಳಿದರೆ ಇಬ್ಬರಿಗೂ ಅಳು ಬಂದು ಮಾತು ನಿಂತುಹೋಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಮಕ್ಕಳ ಆಹಾರ ನೋಡಿಕೊಳ್ಳುವ ಸಂಸ್ಥೆಯವರು ಎಲ್ಲ ಊರಿಗೂ ಒಂದೇ ಪೌಷ್ಟಿಕ ಪುಡಿ ಹಂಚಿದಾಗ ನಮ್ಮ ಅಂಗನವಾಡಿ ಮಕ್ಕಳು ಬಾಯಲ್ಲಿಟ್ಟು ಉಗುಳಿದ್ದವಲ್ಲ, ಆಗ ತುಂಬಿದ ಸಭೆಯಲ್ಲಿ ನೀನು ಎದ್ದು, “ಹುಕ್ಕೇರಿ ಕಡೆ ಮಡ್ಡಿ, ಒಣ ಭೂಮಿ ಊರಿನ ಊಟ ಬ್ಯಾರೆರಿ, ನಮ್ಮದು ಬ್ಯಾರೆ. ಇಲ್ಲಿ ಬೆಳಿಯೂದನ್ನ ಇಲ್ಲೇ ಬೇಯಿಸೂಣು” ಎಂದಿದ್ದೆ. “ಇಲ್ಲೇನ ಬೆಳಿತೈತಿ? ಬರೇ ಕಬ್ಬು” ಎಂದು ಯಾರೋ ನಕ್ಕರು. ನಿನ್ನ ಗಂಡ, ನನ್ನ ಮಗ ಬಾಳೇಶ, ನಗಲಿಲ್ಲ. ಕಬ್ಬು ಕಡಿದ ಮೇಲೆ ರಸ್ತೆ ಬದಿಯ ಒಂದು ಪಟ್ಟಿಯನ್ನು ಜೋಳ, ಕಡಲೆಗೆಂದು ಬಿಟ್ಟುಕೊಟ್ಟ. ಹೋದ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಮಗುಚಿ ಅವನೇ ಹೋದ. ನೀನು ತವರಿಗೆ ಹೋದೆ. ಅಂಗನವಾಡಿಯಲ್ಲಿ ನೀನು ಹಚ್ಚಿದ ಒಲೆಯೂ ಆರಿತು.

ಈ ಸಲ ಬಿತ್ತನೆಯ ಹೊತ್ತಿಗೆ ಪಕ್ಕದ ಮನೆಯ ಆಮ್ರಪಾಲಿ ಬಂದು, “ಶಿವಕ್ಕಾ, ಆ ಹೊಲ ಪಾಳ ಬಿದ್ದೈತಿ. ನಾವ ಹೆಣ್ಮಕ್ಕಳು ಕೂಡಿ ಬಿತ್ತತೇವಿ, ಹೂಂ ಅನ್ರಿ” ಎಂದಳು. ಹೂಂ ಎಂದೆ, ಆದರೆ ಆ ಕಡೆ ಕಾಲಿಡಲಾಗಲಿಲ್ಲ. ಕಡಲೆ ಸೊಪ್ಪು ಚಿವುಟುವಾಗ ಮೊದಲ ಸಲ ಹೋದೆ. ಬುಟ್ಟಿ ಹೊತ್ತು ಬಂದವಳು ಹೊಸ್ತಿಲಲ್ಲಿ ನಿಂತು, “ಬಾಳೇಶಾ, ಬುಟ್ಟಿ ಇಳಸ್ಕೋ ಬಾರೋ” ಎಂದುಬಿಟ್ಟೆ. ಒಳಗಿನಿಂದ ನಿಮ್ಮ ಮಾವ ಬಂದು ಬುಟ್ಟಿ ಇಳಿಸಿಕೊಂಡರು. ಆ ದಿನ ನಾವಿಬ್ಬರೂ ಉಣ್ಣಲಿಲ್ಲ.

ಮರುದಿನ ಆ ಹೆಣ್ಣುಮಕ್ಕಳೇ ಅಂಗನವಾಡಿಯ ಒಲೆ ಮತ್ತೆ ಹಚ್ಚಿದರು: ಜೋಳದ ನುಚ್ಚು, ಕಡಲೆ ಸೊಪ್ಪಿನ ಪಲ್ಲೆ. ಆಮ್ರಪಾಲಿಯ ಮಗಳು ಕಾಜಲ್, ಆ ಕಡ್ಡಿಯಂಥ ಹುಡುಗಿ, ತಟ್ಟೆ ಚಾಚಿ “ಇನ್ನಷ್ಟ ಹಾಕ್ರಿ” ಎಂದಳು. ನೀನು ನೋಡಬೇಕಿತ್ತು. ನಾನು ಗೋಡೆಯ ಹಿಂದೆ ಹೋಗಿ ಕಣ್ಣೊರೆಸಿಕೊಂಡು ಬಂದೆ. ಈಗ ಹೆಂಗಸರು ಸರದಿಯಲ್ಲಿ ಅಡುಗೆ ಮಾಡುತ್ತಾರೆ. ನನ್ನನ್ನು ಏನೂ ಕೇಳುವುದಿಲ್ಲ, ಎಲ್ಲ ನೀನು ಕಲಿಸಿದಂತೆಯೇ.

ನಿಮ್ಮ ಮಾವ ನಿನ್ನನ್ನು ಹರಸಿದ್ದಾರೆ. ಮನೆಯವರಿಗೆಲ್ಲ ನಮ್ಮ ಶರಣು ಹೇಳು. ಬಸವಣ್ಣ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ ಅತ್ತೆ,
ಶಿವವ್ವ

ಬರೆಯಲು ಕೈ ಬರಲಿಲ್ಲ, ಆದರೂ ಬರೆಯಲೇಬೇಕು: “ಆ ಒಲಿ ಸಲುವಾಗಿ ಆದ್ರೂ ಅತ್ತಿ ಮನಿಗೆ ತಿರುಗಿ ಹೋಗ್ತೇನಿ” ಎಂದು ಗೋಕಾಕದಿಂದ ಬಂದ ಮದುವೆ ಸಂಬಂಧ ಬೇಡವೆಂದೆಯಂತೆ, ಶ್ರೀಶೈಲ ಹೇಳಿದ. ಒಲೆ ಉರಿಯುತ್ತಿದೆ, ತಾಯಿ. ನಿನ್ನದು ಇನ್ನೂ ಸಣ್ಣ ವಯಸ್ಸು. ಆ ಹುಡುಗನಿಗೆ ಹೂಂ ಅನ್ನು. ಮದುವೆಯಲ್ಲಿ ಅಕ್ಕಿಕಾಳು ಹಾಕಿ ಹರಸಲು ನಿಮ್ಮ ಮಾವ ಬರುತ್ತಾರೆ. ನನ್ನನ್ನು ಕರೆಯಬೇಡ, ಬಂದರೆ ನಿನ್ನನ್ನು ಅಲ್ಲಿ ಬಿಟ್ಟು ಬರಲು ನನ್ನಿಂದ ಆಗುವುದಿಲ್ಲ.