ಎರಡು ಮನೆಯಲ್ಲಿ ಕಚ್ಚಿದ ರೊಟ್ಟಿ

ಅಪ್ಪಾ,

ಇಷ್ಟು ವರ್ಷ ಜನವೂ ಸುದ್ದಿಯೂ ದಾಟದಂತೆ ಮುಚ್ಚಿದ್ದ ಕರಾಸೂ ಸೇತುವೆಯನ್ನು ಇವತ್ತು ಬೆಳಿಗ್ಗೆ ಮತ್ತೆ ತೆರೆದರು. ಉಜ್ಬೇಕಿಸ್ತಾನದ ನಮ್ಮ ದಡದಲ್ಲೂ ಕಿರ್ಗಿಸ್ತಾನದ ಆ ದಡದಲ್ಲೂ ಒಂದೇ ಭಾಷಣ: ನಾವು ಒಂದೇ ಬೇರಿನವರು, ಅಣ್ಣತಮ್ಮಂದಿರು. ದೊಡ್ಡವರು ಕೈಕುಲುಕಿ ಹೋದ ಮೇಲೆ ಜನರನ್ನು ಬಿಟ್ಟರು. ಅಮ್ಮ ರೇಷ್ಮೆ ಅಂಗಿ ತೊಟ್ಟು ನಿಮಗಾಗಿ ಕಾದಿದ್ದಳು. ಅಂದು ಆ ದಡದ ಅತ್ತೆಯ ಮನೆಗೆ ಹೊರಡುವಾಗ ನೀವು ಒಂದು ತುತ್ತು ಕಚ್ಚಿಟ್ಟ ರೊಟ್ಟಿ ಇನ್ನೂ ಗೋಡೆಯ ಮೊಳೆಯಲ್ಲಿ ತೂಗುತ್ತಿದೆ. ಹೊರಟವರು ಕಚ್ಚಿಟ್ಟದ್ದನ್ನು ಹಿಂತಿರುಗಿ ಅವರೇ ಮುಗಿಸಬೇಕೆಂಬುದು ನಮ್ಮ ಪದ್ಧತಿಯಲ್ಲವೇ.

ನಿಮ್ಮ ತಂಗಿ ಸಾನೊಬರ್ ಅತ್ತೆ ಒಬ್ಬರೇ ಮನೆಗೆ ಬಂದರು. ಅಮ್ಮನನ್ನು ತಬ್ಬಿಕೊಂಡು ನಕ್ಕರು. "ಏನತ್ತಿಗೆ, ನಮ್ಮಣ್ಣನ್ನ ಎಲ್ಲಿ ಬಚ್ಚಿಟ್ಟಿದ್ದೀಯ? ತಂಗಿ ಬಂದ್ರೂ ಎದ್ದು ಬರಲ್ವಾ ಆ ಸೋಮಾರಿ?"

"ನಿಮ್ಮನೇಲೇ ಇದ್ದಾರಲ್ಲ!" ಎಂದಳು ಅಮ್ಮ.

ಅತ್ತೆಯ ನಗು ನಿಂತಿತು. "ಸೇತುವೆ ಮುಚ್ಚಿದ ವಾರಾನೇ ಹೊರಟ್ನಲ್ಲ. ಹುಟ್ಟುಹಬ್ಬಕ್ಕೆ ಬಂದೇ ಬರ್ಬೇಕು ಅಂತ ಮಗಳು ಹೇಳಿದ್ಲಂತೆ. ದಡದಿಂದ ದಡಕ್ಕೆ ಕಟ್ಟಿದ್ದ ಹಗ್ಗ ಹಿಡ್ಕೊಂಡು ನದಿಗಿಳಿದ. ಮಂಜು ಕವಿದಿತ್ತು. ದಾಟಿದ ಅಂದ್ಕೊಂಡ್ವಿ."

ಆಮೇಲೆ ಅವರು ಚೀಲದಿಂದ ಒಂದು ರೊಟ್ಟಿ ತೆಗೆದರು. ಆ ಮನೆಯಿಂದ ಹೊರಡುವಾಗಲೂ ನೀವು ಒಂದು ತುತ್ತು ಕಚ್ಚಿದ್ದಿರಿ. ಉಳಿದದ್ದನ್ನು ನೀವೇ ಮುಗಿಸಲೆಂದು ತಂದಿದ್ದರು.

ನಮ್ಮ ಗೋಡೆಯ ರೊಟ್ಟಿಯನ್ನು ಅದರ ಪಕ್ಕದಲ್ಲಿಟ್ಟೆ. ಎರಡರಲ್ಲೂ ನಿಮ್ಮ ಮುರಿದ ಹಲ್ಲಿನ ಗುರುತು. ಇಷ್ಟು ವರ್ಷ ಕಲ್ಲಿನಂತೆ ಒಣಗಿದ್ದ ರೊಟ್ಟಿಗಳು. ಈಗ ಮುಟ್ಟಿದರೆ ಕಚ್ಚಿದ ಅಂಚು ಮಾತ್ರ ಒದ್ದೆ. ಬೆರಳಿಗೆ ನದಿಯ ವಾಸನೆ.

ಒಳಗೆ ಇಬ್ಬರೂ ರೊಟ್ಟಿಗಳ ಎದುರು ಕೂತಿದ್ದಾರೆ. ಅಮ್ಮ ನಿಮಗೂ ಒಂದು ಬಟ್ಟಲು ಚಹಾ ಬಗ್ಗಿಸಿಟ್ಟಿದ್ದಾಳೆ. ಯಾರೂ ಮುಟ್ಟಿಲ್ಲ. ಆದರೂ ಅದು ಅರ್ಧಕ್ಕೆ ಇಳಿದಿದೆ.

ನಾಳೆ ನನ್ನ ಹುಟ್ಟುಹಬ್ಬ, ಅಪ್ಪಾ. ಈ ಸಲ ಬಂದೇ ಬರಬೇಕೆಂದು ನಾನು ಹೇಳುವುದಿಲ್ಲ.