ಸದ್ದಿಲ್ಲದ ಮೇಜು

ಈಸ್ಟನ್, ಬ್ರಿಸ್ಟಲ್
ಅಕ್ಟೋಬರ್ ೧೯, ಭಾನುವಾರ

ಪ್ರೀತಿಯ ಅಮ್ಮ,

ಅಪ್ಪ ಹೇಗಿದ್ದಾರೆ ಎಂದು ಫೋನಿನಲ್ಲಿ ನೀನು ಕೇಳಿದಾಗಲೆಲ್ಲ ಚೆನ್ನಾಗಿದ್ದಾರೆ ಎನ್ನುತ್ತ ಬಂದೆ. ಅವರು ಪಕ್ಕದಲ್ಲೇ ಕೂತಿರುತ್ತಾರೆ, ಬೇರೆ ಏನು ಹೇಳಲಿ? ಅದಕ್ಕೇ ಈ ಕಾಗದ. ಅಪ್ಪ ಡಾಮಿನೋ ಆಡಲು ಹೋಗುವುದನ್ನು ಬಿಟ್ಟಿದ್ದಾರೆ.

ನೀನು ಜಮೈಕಾಕ್ಕೆ ಮರಳಿದಾಗ ಅವರು ಇಲ್ಲೇ ಉಳಿದದ್ದು ಯಾಕೆಂದು ನಿನಗೆ ನೆನಪಿದೆ. “ಆ ಗುರ್ಮೇಜ್ ಸಿಂಗ್ ನನ್ನ ಒಂದೇ ಸಮ ಆರು ಆಟ ಸೋಲ್ಸಿದಾನೆ ಕಣೇ. ತೀರಿಸ್ಕೊಳ್ದೆ ವಿಮಾನ ಹತ್ತಿದ್ರೆ ಊರೆಲ್ಲಾ ಹೇಳ್ಕೊಂಡು ನಗ್ತಾನೆ” ಎಂದಿದ್ದರು. ನೀನು ನಕ್ಕು ಪೆಟ್ಟಿಗೆ ಮುಚ್ಚಿದೆ. ತಮಾಷೆಯೆಂದು ನಾವಿಬ್ಬರೂ ನಂಬಿದಂತೆ ಇದ್ದೆವು.

ಅವರೆಲ್ಲ ಡಾಮಿನೋ ಆಡುತ್ತಿದ್ದ ಹಳೆಯ ಕ್ಲಬ್ ಕೆಡವಿದ ಜಾಗದಲ್ಲಿ ಫ್ಲಾಟುಗಳು ಎದ್ದಿವೆ. ಕಟ್ಟಿದವರು ಕೊಟ್ಟ ಮಾತಿನಂತೆ ನೆಲ ಅಂತಸ್ತಿನಲ್ಲಿ ನಮ್ಮವರಿಗೊಂದು ಕೋಣೆ ಬಿಟ್ಟಿದ್ದಾರೆ. ದೊಡ್ಡ ಕಿಟಕಿ, ಗೋಡೆಯ ಮೇಲೆ ಹಳೆಯ ಕ್ಲಬ್ಬಿನ ಫೋಟೋ. ಅದರಲ್ಲಿ ಕರಿದ ಮೀನಿನ ತಟ್ಟೆ ಹಿಡಿದ ನೀನೂ ಇದ್ದೀಯ. ಕೆಡವಿದರೂ ಮರೆಯಲಿಲ್ಲವಲ್ಲ ಎಂದು ಖುಷಿಪಟ್ಟೆ.

ಮೊದಲ ವಾರವೇ ಮೇಲಿನ ಮನೆಯ ಟ್ಯಾಮ್ಸಿನ್, ಅಳುವ ಮಗುವನ್ನು ಹೆಗಲಿಗೇರಿಸಿಕೊಂಡು ನಿವಾಸಿಗಳ ಸಭೆಗೆ ಬಂದಳು. ಕೆಟ್ಟ ಹುಡುಗಿಯಲ್ಲ. “ಈ ಬೀದಿಯ ಗಲಗಲ ಇಷ್ಟಪಟ್ಟೇ ನಾವಿಲ್ಲಿಗೆ ಬಂದಿದ್ದು. ಆದ್ರೆ ಮೇಜಿಗೆ ಹಾಗ್ಯಾಕೆ ಬಡೀತಾರೆ? ಕಾಯಿ ಮೆತ್ತಗಿಟ್ರೆ ಸೋತ್ಹೋಗ್ತಾರಾ?” ಎಂದಳು. ಎಲ್ಲರೂ ನನ್ನತ್ತ ತಿರುಗಿದರು. ಕ್ಲಬ್ಬಿನವರಿಗೆ ನಾನು ಮನೆಮಗಳು, ಫ್ಲಾಟಿನವರಿಗೆ ತಮ್ಮ ಹಾಗೆ ಮಾತಾಡುವವಳು. ಎರಡೂ ಕಡೆಗೆ ಬೇಕಾದವಳಾಗಿರುವುದು ಹಿತವಾಗಿತ್ತು. ಮೇಜಿಗೆ ದಪ್ಪ ಉಣ್ಣೆಬಟ್ಟೆ ಹಾಸೋಣ ಎಂದೆ. ಚಪ್ಪಾಳೆ ಬಿತ್ತು.

ಆ ಶುಕ್ರವಾರ ನಾನೂ ಹೋಗಿದ್ದೆ. ಎಗ್ಬರ್ಟ್ ಅಂಕಲ್ ಎಂದಿನಂತೆ ಕೈಯನ್ನು ಕಿವಿಯವರೆಗೆ ಎತ್ತಿ ಕಾಯಿ ಬಡಿದರು. ಸದ್ದೇ ಇಲ್ಲ.

“ಇಟ್ಯೇನಯ್ಯಾ, ಇನ್ನೂ ಯೋಚ್ನೆ ಮಾಡ್ತಿದೀಯೋ?” ಎಂದು ಗುರ್ಮೇಜ್ ಅಂಕಲ್ ಕೆಣಕಿದರು.

“ನಮ್ಮೂರಲ್ಲಿ ಸತ್ತೋರ ಒಂಬತ್ತನೇ ರಾತ್ರಿ ಜಾಗರಣೇಲೂ ಇದಕ್ಕಿಂತ ಗದ್ಲ ಇರತ್ತೆ. ಇದ್ಯಾರ ಸಾವಪ್ಪಾ?” ಎಂದರು ಎಗ್ಬರ್ಟ್ ಅಂಕಲ್.

ಎಲ್ಲರೂ ನಕ್ಕರು, ಅಪ್ಪ ನಗಲಿಲ್ಲ. ಅವತ್ತು ಅವರು ಒಂದೇ ಸಮ ಗೆಲ್ಲುತ್ತಿದ್ದರು. ಆರನೆಯ ಆಟದ ಕೊನೆಯ ಕಾಯಿ ಅವರ ಕೈಯಲ್ಲಿತ್ತು, ಹಿಂದೆ ನಿಂತ ನನಗೆ ಕಾಣುತ್ತಿತ್ತು. ಇಷ್ಟು ವರ್ಷ ಕಾದ ಗೆಲುವು. ಕೈ ಮೇಲೆತ್ತಿದರು, ಬಟ್ಟೆಯನ್ನು ನೋಡಿದರು, ಕಾಯಿಯನ್ನು ಮೆಲ್ಲಗಿಟ್ಟು ಟೋಪಿ ತೆಗೆದುಕೊಂಡು ಎದ್ದರು.

“ಏ ಯುರೈಯಾ, ಗೆದ್ದೋನು ಹಿಂಗಾ ಹೋಗೋದು? ನನಗೆ ಎರಡು ಮಾತು ಬೈದಾದ್ರೂ ಹೋಗೋ!” ಗುರ್ಮೇಜ್ ಅಂಕಲ್ ಬಾಗಿಲವರೆಗೆ ಹಿಂದೆಯೇ ಬಂದರು.

ದಾರಿಯಲ್ಲಿ, ಮಗು ಮಲಗಬೇಕಲ್ಲ ಅಪ್ಪ, ಎಂದೆ. “ಮಲಗ್ಲಿ, ಬೇಡ ಅಂದ್ನಾ? ನಿನ್ನ ತೊಟ್ಲು ಆ ಮೇಜಿನ ಪಕ್ಕಾನೇ ಇರ್ತಿತ್ತು. ಬಡಿತ ನಿಂತ್ರೆ ಎದ್ದು ಅಳ್ತಿದ್ದೆ ನೀನು” ಎಂದರು.

ಈಗ ಕೇಳಿದರೆ ಮೊಣಕಾಲು ನೋವಂತೆ. ಮಗು ಮಲಗುವ ಮೊದಲು ಬಟ್ಟೆಯಿಲ್ಲದೆ ಆಡಬಹುದೆಂದು ಟ್ಯಾಮ್ಸಿನ್‌ಳನ್ನು ಒಪ್ಪಿಸಿದ್ದೇನೆ. ಅದನ್ನು ಹೇಳಿದಾಗ ಅಪ್ಪ “ಒಳ್ಳೇದು” ಎಂದು ರೇಡಿಯೋ ಹಾಕಿದರು. ಅವರಿಗೆ ನಾನು ತಂದದ್ದು ಮತ್ತೊಂದು ಅಪ್ಪಣೆ ಮಾತ್ರವೇನೋ. ಎರಡೂ ಕಡೆಗೆ ಬೇಕಾದವಳು ನಿಜಕ್ಕೂ ಯಾರ ಕಡೆ ಕೂತಿದ್ದೆ ಎಂದು ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ.

ಸ್ವಲ್ಪ ದಿನ ಕಾಯೋಣ. ನೀನು ಅವರನ್ನು ಏನೂ ಕೇಳಬೇಡ, ಬಾ ಎಂದೂ ಕರೆಯಬೇಡ. ಮೇಜಿಗೆ ತಾವಾಗಿ ಮರಳುತ್ತಾರೆ.

ನಿನ್ನ ಮಗಳು,
ಜಾಸ್ಲಿನ್

ತಾ.ಕ.: ನಿನ್ನ ಅಂಗಳದ ಆಕೀ ಮರದ ಕೆಳಗಿನ ಮೇಜು ಹಲಗೆಯದೋ ಸಿಮೆಂಟಿನದೋ, ಕಾಯಿ ಬಡಿದರೆ ಸದ್ದು ಬರುತ್ತದೋ ವಿಚಾರಿಸು ಎಂದು ಅಪ್ಪ ಆ ಶುಕ್ರವಾರವೇ ಹೇಳಿದ್ದರು. ತಾವೇ ನಿನ್ನನ್ನು ಕೇಳಲು ಅವರಿಗೆ ಸಂಕೋಚ. ನಾನು ಫೋನಿಟ್ಟ ಕೂಡಲೇ ಮುಖ ನೋಡುತ್ತಾರೆ, ನಾನು ಮರೆತೆ ಎನ್ನುತ್ತೇನೆ. ಮರೆತಿಲ್ಲ ಅಮ್ಮ. ಹಲಗೆಯದೆಂದು ನನಗೆ ಮೊದಲೇ ಗೊತ್ತು.