ಇಪ್ಪತ್ತೆರಡು ವರ್ಷದ ಲಾರಿಗೆ ತಂಪು

ಏಪ್ರಿಲ್ 4, ಬೆಳಿಗ್ಗೆ 11
ಸಕಲರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ಇಪ್ಪತ್ತೆರಡು ವರ್ಷದ ನಮ್ಮ ಲಾರಿಯ ಕ್ಯಾಬಿನ್ನಿನಲ್ಲಿ ಇಂದು ಫ್ಯಾನ್ ತಿರುಗಿತು. ಅಂಗೈಯಗಲದ್ದು. ಸ್ವಿಚ್ ಒತ್ತಿದವರು ಭಾವ. ಇಷ್ಟು ದಿನ ಸುಮ್ಮನೆ ನಿಂತಿದ್ದ ಬಿಸಿಗಾಳಿ ಈಗ ಓಡಾಡುತ್ತದೆ. ಪ್ರಗತಿ.

ಹೋದ ವರ್ಷ ಭಾವನಿಗೆ ಬಿಸಿಲು ಬಡಿದು ಎಚ್ಚರ ತಪ್ಪಿತ್ತು. ಇನ್ನೊಮ್ಮೆ ಆದರೆ ಕಷ್ಟ ಅಂದಿದ್ದಾರೆ ಡಾಕ್ಟರು. ಹೊರಡುವಾಗ ಅಕ್ಕ ಬಾಗಿಲಲ್ಲೇ ಹಿಡಿದಳು: "ಕ್ಯಾಬಿನ್ ತಣ್ಣಗೆ ಮಾಡು. ಇಲ್ಲಾಂದ್ರೆ ಇವರನ್ನ ಮನೇಲಿ ಬಿಟ್ಟು ಹೋಗು."

ಕೇಳುವ ಜೀವವೇ ಭಾವ? ಮೂವತ್ತು ವರ್ಷ ಸ್ಟೇರಿಂಗ್ ಹಿಡಿದವರು. ಈಗ ಪಕ್ಕದ ಸೀಟಿನಲ್ಲಿ ಕೂತು ನಾನು ಗೇರ್ ಹಾಕುವುದಕ್ಕೆ ಬೈಯುವುದೇ ಡ್ಯೂಟಿ.

ಏಪ್ರಿಲ್ 9
ಎಸಿ ಕೂರಿಸುವವನು ಬಾನೆಟ್ ಎತ್ತಿ ನೋಡಿದ. ನಕ್ಕ. "ಇದಕ್ಕೆ ಎಸಿ ಹಾಕಿದ್ರೆ ಏರಿನಲ್ಲಿ ನೀವೇ ಇಳಿದು ತಳ್ಳಬೇಕು." ಬ್ಯಾಟರಿಯಲ್ಲಿ ಓಡುವ ಕೂಲರ್? ಮೇಲೆ ಕೂರಿಸಬಹುದಂತೆ. ಆದರೆ ಟಾಪು ಪೂರ್ತಿ ತುಕ್ಕು, ಕೂಲರ್ ನೇರ ಭಾವನ ಮಡಿಲಿಗೆ.

ಉಳಿದದ್ದು ಬಡವರ ದಾರಿ. ಇಂಜಿನ್ ಮುಚ್ಚಳಕ್ಕೆ ದಪ್ಪ ಶೀಟು, ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಐಸು, ಟಾಪಿಗೆ ಬಿಳಿ ಬಣ್ಣ. ಬಣ್ಣ ನಾನೇ ಹೊಡೆದೆ. ತಲೆಗೂ ಸ್ವಲ್ಪ ಬಿತ್ತು.
"ನಿನ್ನ ಬುರುಡೆಯಾದ್ರೂ ತಂಪಾಯ್ತು ಬಿಡು," ಅಂದರು ಭಾವ.

ಏಪ್ರಿಲ್ 17, ಸಂಜೆ
ಉದ್ದ ಏರು. ಸಿಮೆಂಟ್ ಲೋಡು. ಇಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪಿಗೆ. ಹಳೇ ಉಪಾಯ — ಬದಿಗೆ ನಿಲ್ಲಿಸಿ, ಭಾವನ ಕಾಲ ಬಳಿ ಬಗ್ಗಿ, ಹೀಟರ್ ಟ್ಯಾಪ್ ತಿರುಗಿಸಿದೆ. ಇಂಜಿನ್ನಿನ ಬಿಸಿನೀರು ಕ್ಯಾಬಿನ್ನಿನ ಹೀಟರಿಗೆ ಹರಿಯಿತು, ಮುಳ್ಳು ಇಳಿಯಿತು.
"ಇಂಜಿನ್ ಬದುಕ್ತು, ನಾವು ಬೆಂದ್ವಿ," ಅಂದರು ಭಾವ.
ಏರು ಹತ್ತಿ ಮುಗಿಸಿ ಚಹಾ ಕುಡಿದೆವು. ಗೆದ್ದೆವು.

ಏಪ್ರಿಲ್ 24
ಐಸು ಒಂದು ಗಂಟೆಗೆ ನೀರು. ಕಿಟಕಿಗೆ ಕಟ್ಟಿದ ಒದ್ದೆ ಗೋಣಿ ಅರ್ಧ ಗಂಟೆಗೆ ಹಲಗೆ. ಇಷ್ಟೆಲ್ಲ ಮಾಡಿದರೂ ಮೊದಲಿಗಿಂತ ಸೆಖೆ. ಬಿಸಿಲೇ ಹಾಗಿದೆ.
"ಕಾಲು ಸುಡ್ತಿದೆ ಕಣೋ. ಆ ಟ್ಯಾಪ್ ಮುಚ್ಚಿದೀಯ ತಾನೆ?"
"ಆವತ್ತೇ ಮುಚ್ಚಿದೆ ಭಾವ. ನಿಮಗೆ ವಯಸ್ಸಾಯ್ತು, ಕಾಲಿಗೆ ಮೊದಲು ಗೊತ್ತಾಗಿದೆ."
ನಕ್ಕರು. ಚಪ್ಪಲಿ ಬಿಟ್ಟು ಕಾಲೆರಡನ್ನೂ ಐಸಿನ ಪೆಟ್ಟಿಗೆಯೊಳಗೆ ಇಟ್ಟುಕೊಂಡರು. ರಾಜಗಾಂಭೀರ್ಯ.

ಮೇ 2
ಆಸ್ಪತ್ರೆ. ಮಧ್ಯಾಹ್ನ ಬೈಯುತ್ತ ಬೈಯುತ್ತಲೇ ಭಾವನ ಮಾತು ತೊದಲಿತು. ತಮಾಷೆ ಅಂದುಕೊಂಡೆ... ಮುಟ್ಟಿದರೆ ಮೈ ಕಾದ ತಗಡು, ಬೆವರೇ ಇಲ್ಲ. ಇದ್ದ ಐಸೆಲ್ಲ ಮೇಲೆ ಸುರಿದೆ.
ಅಕ್ಕ ಬರುತ್ತಿದ್ದಾಳೆ.

ಮೇ 13
ಭಾವ ಹೋಗಿ ಒಂಬತ್ತು ದಿನ.
ಗಾಡಿ ಮಾರುವುದಕ್ಕೆ ಮುಂಚೆ ಮೆಕ್ಯಾನಿಕ್‌ಗೆ ತೋರಿಸಿದೆ. ಇಂಜಿನ್ ಓಡಿಸಿ, ಪಕ್ಕದ ಸೀಟಿನ ಮುಂದೆ ಕೈ ಹಾಕಿದವನು ಚಟ್ಟನೆ ಎಳೆದುಕೊಂಡ.
"ಏನಣ್ಣಾ, ಈ ಬಿಸಿಲಲ್ಲಿ ಹೀಟರ್ ಟ್ಯಾಪ್ ಪೂರ್ತಿ ತೆರೆದಿಟ್ಟಿದೀರ?"

ಅದೇ ದಿನ, ಸಂಜೆ
ಅಕ್ಕ ತಟ್ಟೆ ಮುಂದಿಟ್ಟಳು. "ಫ್ಯಾನು, ಐಸು, ಬಣ್ಣ... ನೀನು ಮಾಡದೆ ಬಿಟ್ಟಿದ್ದೇನು ಹೇಳು. ಕೊರಗಬೇಡ. ಊಟ ಮಾಡು."
ಮಾಡಿದೆ. ಎರಡನೇ ಸಲ ಬಡಿಸಿದಳು. ಅದನ್ನೂ ತಿಂದೆ.

ಮೇ 16
ನಾಳೆ ಗಾಡಿ ಬೇರೆಯವರ ಕೈಗೆ. ಈ ಪುಸ್ತಕ ಡ್ಯಾಶ್‌ಬೋರ್ಡಿನ ಖಾನೆಯಲ್ಲೇ ಬಿಡುತ್ತೇನೆ. ಮನೆಗೆ ಒಯ್ದರೆ ಅಕ್ಕನ ಕೈಗೆ ಸಿಗುತ್ತದೆ.
ಮುಂದಿನ ಡ್ರೈವರ್ ಸಾಹೇಬರೇ, ಫ್ಯಾನ್ ಇಟ್ಟುಕೊಳ್ಳಿ. ಒಂದು ಸಣ್ಣ ಉಪಕಾರ. ಪಕ್ಕದಲ್ಲಿ ಕೂತವರು ಕಾಲು ಸುಡ್ತಿದೆ ಅಂದರೆ, ಉತ್ತರ ಕೊಡುವ ಮೊದಲು ಗಾಡಿ ನಿಲ್ಲಿಸಿ. ಬಗ್ಗಿ. ಟ್ಯಾಪ್ ಮುಟ್ಟಿ ನೋಡಿ. ಮುಚ್ಚುವುದು ಬಲಕ್ಕೆ. ಕೊನೆಯ ಅರ್ಧ ಸುತ್ತು ಬಿಗಿ, ಸ್ವಲ್ಪ ಜೋರಾಗಿ —